ಎರಡು ನೂಲು

ಇಡೀ ದಿನ ನಾನು ಎದೆಗಳಿಗೆ ತಣ್ಣನೆ ಜೆಲ್ಲಿ ಹಚ್ಚುವವನು.
ಆರು ರಬ್ಬರ್ ಗುಂಡು, ನಾಲ್ಕು ಕ್ಲಿಪ್ಪು,
ಅಲ್ಲಾಡಬೇಡಿ, ಮಾತಾಡಬೇಡಿ.
ಗುಲಾಬಿ ಚೌಕಳಿ ಕಾಗದದ ಮೇಲೆ
ಹೃದಯ ಸದ್ದಿಲ್ಲದೆ ಗುಡ್ಡ ಹತ್ತಿ ಇಳಿಯುತ್ತದೆ.
ಹದಿನಾಲ್ಕು ವರ್ಷ. ಒಂದು ಎದೆಯ ಸದ್ದೂ ಕೇಳಿಲ್ಲ;
ಸ್ಟೆಥಾಸ್ಕೋಪು ಡಾಕ್ಟರರ ಕೊರಳಿನದು.

ಅದಕ್ಕೇ ಇರಬೇಕು,
ಮೂರು ಕೈ ದಾಟಿ ಬಂದ ಝೆನ್ ಕಾರಿಗೆ
ಒಂದು ಗಂಟಲು ಬೇಕೆನಿಸಿತು.
ನಲವತ್ತೆರಡಕ್ಕೆ ಇದೆಂಥ ಮೀಸೆ, ಅಂದಳು ಹೆಂಡತಿ.

ಬಾಷಾ ನಗರದ ಮಂಡಕ್ಕಿ ಭಟ್ಟಿಗಳ ಸಾಲಿನ ಕೊನೆಗೆ
ಬುಡೇನ್ ಸಾಬರ ಶೆಡ್ಡು.
ಹೊಟ್ಟಿನ ಹೊಗೆ, ವೆಲ್ಡಿಂಗಿನ ಹೊಗೆ,
ಯಾವುದು ಯಾವುದೆಂದು ಅಲ್ಲಿನ ಬೆಕ್ಕಿಗೂ ಗೊತ್ತಿಲ್ಲ.

"ಪೂರಾ ಕಿತ್ತು ನೇರ ಪೈಪ್ ಹಾಕ್ರಿ,
ಹಿಂಗ ಗುಡುಗಬೇಕು," ಎಂದು ಮೊಬೈಲು ಚಾಚಿದೆ.
ಅವರು ಮೊಬೈಲು ನೋಡಲಿಲ್ಲ.
ಕುಕ್ಕರಗಾಲಲ್ಲಿ ಕೂತು ಹೊಗೆಬಾಯಿಗೆ ಅಂಗೈ ಹಿಡಿದರು,
ಮಲಗಿದ ಕೂಸಿನ ಮೂಗಿಗೆ ಹಿಡಿದಂತೆ.
"ಮೂರನೇ ಸಿಲಿಂಡರ್ ಸೋಮಾರಿ.
ಮೊದ್ಲು ಪ್ಲಗ್ ಹಾಕ್ಸು. ಆಮ್ಯಾಲೆ ಸಂಗೀತ."

ಪ್ಲಗ್ ಹಾಕಿಸಿ ಮತ್ತೆ ಹೋದೆ.

"ನಮ್ಮಪ್ಪ ಭಟ್ಟಿಗೆ ಉರಿ ಹಾಕಿದವ.
ಹೊಗೆಗೂಡು ಅಗಲ ಆದ್ರ ಉರಿ ಬರೇ ಮ್ಯಾಲೆ ಓಡತೈತಿ,
ಮರಳು ಕಾಯಂಗಿಲ್ಲ, ಅಕ್ಕಿ ಅರಳಂಗಿಲ್ಲ.
ಕಿರಿದಾದ್ರ ಹೊಗೆ ತಿರುಗಿ ಮಾರಿಗೇ ಹೊಡೀತೈತಿ.
ಎಂಜಿನ್ನೂ ಹಂಗೇ.
ಒಂದೂವರೆ ಇಂಚು ಐತಿ, ಒಂದೂಮುಕ್ಕಾಲು ಮಾಡ್ತೀನಿ.
ಎರಡು ನೂಲು. ಮೂರನೇ ನೂಲು ಕೇಳಬ್ಯಾಡ."

ಹತ್ತಿ ಗಿರಣಿಗಳು ಮುಚ್ಚಿದ ಊರಿನಲ್ಲಿ
ಕಬ್ಬಿಣಕ್ಕೆ ಇನ್ನೂ ನೂಲಿನ ಅಳತೆ.

"ಇಕಾ, ಈ ಡಬ್ಬಿಯೊಳಗ ಜೇನುಗೂಡು, ವಿಷ ಸೋಸೋದು.
ಅದನ್ನ ಮುಟ್ಟಂಗಿಲ್ಲ.
ಅದರ ಮುಂದಿನ ಸೆನ್ಸರು, ಎಂಜಿನ್ನಿನ ಮೂಗು.
ಮೂಗು ಕೊಯ್ದು ಹಾಡಂದ್ರ ಹೆಂಗ?"

ಮೊದಲು ಬ್ಯಾಟರಿಯ ಮೈನಸ್ ಕಳಚಿದರು.
ಕ್ಲಿಪ್ಪು ಬಿಚ್ಚಿದ ಎದೆಯಂತೆ ಕಾರು ತನ್ನ ಪಾಡಿಗೆ ಮಲಗಿತು.
ಭಟ್ಟಿಯಿಂದ ತಂದ ಮರಳು ಪೈಪಿಗೆ ತುಂಬಿ
ಎರಡೂ ಬಾಯಿಗೆ ಕಟ್ಟಿಗೆಯ ಬಿರಡೆ ಬಡಿದು
ಕೆಂಪಗೆ ಕಾಯಿಸಿ ಬಗ್ಗಿಸಿದರು,
ತಿರುವಿನಲ್ಲೂ ಸುಕ್ಕು ಬೀಳದಂತೆ, ಹೊಟ್ಟೆ ಒಳಸೇರದಂತೆ.
ಮರಳು ಸುರಿದಾಗ ಜೊತೆಗೆ ಬಿತ್ತು
ಅರಳದೆ ಕಪ್ಪಾದ ಒಂದು ಅಕ್ಕಿಕಾಳು.
ತೂತುತೂತಿನ ಕೊಳವೆಗೆ ಗಾಜಿನ ಉಣ್ಣೆ ಸುತ್ತಿದರು,
ಬಾಣಂತಿ ತಲೆಗೆ ಬಟ್ಟೆ ಕಟ್ಟಿದ ಹಾಗೆ.

ರಾತ್ರಿ ಆನಗೋಡಿನ ಕಡೆ ಹೈವೇಗೆ ಹಾಕಿದೆ.
ಎರಡು ಸಾವಿರ ಸುತ್ತಿನವರೆಗೂ ಹಳೆಯ ಗುಮಾಸ್ತ.
ಮೂರಕ್ಕೆ ಬಂತು.
ಗುಡುಗಲ್ಲ. ದೊಡ್ಡ ತಾಮ್ರದ ಹಂಡೆಯೊಳಗೆ
ಯಾರೋ ಗಂಟಲು ಸರಿಮಾಡಿಕೊಂಡು
ಹೆಸರು ಹೇಳಲು ಹೊರಟಂತೆ.
ಕಿಟಕಿ ಇಳಿಸಿದೆ. ಒಬ್ಬನೇ ನಕ್ಕೆ.
ಎಪ್ಪತ್ತರ ವೇಗಕ್ಕೆ ಮಾತ್ರ ಕಿವಿಯಲ್ಲಿ ಗುಂಯ್ ಅನ್ನುವ ದುಂಬಿ.
ಮರುದಿನ ನೇತಾಡುವ ರಬ್ಬರನ್ನು ಹೆಬ್ಬೆರಳಷ್ಟು ಸರಿಸಿದರು,
ಮುಕ್ಕಾಲು ದುಂಬಿ ಹೋಯಿತು.
ಉಳಿದ ಕಾಲಿಗೆ ದುಡ್ಡು ತಗೊಳ್ಳಲಿಲ್ಲ.

ಆಸ್ಪತ್ರೆ ಗೇಟಿನಲ್ಲಿ ಕಾಲು ಸಡಿಲಿಸಿ ಒಳಬಂದೆ.
ವಾಚ್‌ಮನ್ ಚೌಡಪ್ಪ ಎಂದಿನಂತೆ ಕೈ ಎತ್ತಿದ.
ಏನೂ ಗೊತ್ತಾಗಲಿಲ್ಲ ಅವನಿಗೆ.
ಖುಷಿಯಾಯಿತು; ಸ್ವಲ್ಪ ಬೇಜಾರೂ.

ಮಾರ್ಚಿನಲ್ಲಿ ಚೀಟಿ ಹಿಡಿದು ಬಂದರು ಬುಡೇನ್ ಸಾಬರು.
ಅಂಗಿ ಬಿಚ್ಚಿ ಮಲಗಿದರು.
ಎದೆ ತುಂಬ ವೆಲ್ಡಿಂಗಿನ ಕಿಡಿಯ ಕಲೆ,
ಗುಂಡು ಕಚ್ಚುತ್ತಿಲ್ಲ, ಜಾರುತ್ತದೆ.
"ಸದ್ದು ಬರಂಗಿಲ್ಲೇನು ಇದ್ರಾಗ?"
"ಇಲ್ರಿ. ಬರೇ ಗೆರೆ."
"ಮತ್ತ ಸೋಮಾರಿ ಯಾವ್ದು ಅಂತ ಹೆಂಗ ತಿಳೀತೈತಿ?"
ಅದನ್ನು ಹೇಳುವ ಕೆಲಸ ನನ್ನದಲ್ಲ.
ನಾಲ್ಕನೇ ಗುಂಡನ್ನು ಒತ್ತಿ ಹಿಡಿಯುವ ನೆಪದಲ್ಲಿ
ಅಂಗೈ ಒಂದು ಗಳಿಗೆ ಹೆಚ್ಚೇ ಇಟ್ಟೆ.

"ಕೈ ತೆಗಿ ಮಾರಾಯ," ಅಂದರು,
"ಕಚಗುಳಿ ಆಗತೈತಿ."