ಇಳಿದದ್ದು

ಹಳೆ ಬಂದರದ ದಕ್ಕೆಯಲ್ಲಿ ನನ್ನದು ಬರೆಯುವ ಕೆಲಸ.
ದ್ವೀಪಗಳಿಗೆ ಹೊರಡುವ ಮಂಜಿಗೆ
ನೀರುಳ್ಳಿ ಇಷ್ಟು, ಕುಚ್ಚಲಕ್ಕಿ ಇಷ್ಟು,
ಜಲ್ಲಿ, ಸಿಮೆಂಟು, ಒಮ್ಮೊಮ್ಮೆ
ಒಂದು ಮದುವೆಗೆ ಸಾಕಾಗುವಷ್ಟು ಆಡು.
ಪುಟಕ್ಕೆ ಎರಡು ಮನೆ: ಹತ್ತಿದ್ದು, ಇಳಿದದ್ದು.
ಇಳಿದದ್ದರ ಚೀಟಿ ಮಂಜಿಯೇ ವಾಪಸು ತರುತ್ತದೆ,
ಉಪ್ಪುನೀರು ತಾಗಿ ಹಪ್ಪಳದಂತಾಗಿ.
ಎರಡೂ ಮನೆ ತಾಳೆಯಾದರೆ ಆ ದಿನ ನಾನು
ಬೀಡಿ ಬಿಟ್ಟು ಸಿಗರೇಟು ಸೇದುತ್ತೇನೆ.

ಬೆಂಗ್ರೆಯ ಮೈಯದ್ದಿ ಇದೇ ಮಂಜಿಗಳ ಮಿಸ್ತ್ರಿ.
ಇಂಜಿನಿನ ಮೈಗೆ ಸ್ಕ್ರೂಡ್ರೈವರ್ ಒತ್ತಿ
ಹಿಡಿಕೆಗೆ ಕಿವಿ ಕೊಟ್ಟು ರೋಗ ಹೇಳುತ್ತಿದ್ದ.
ಆಮೇಲೆ ದುಬೈ, ಆಮೇಲೆ ಎಲ್ಲೆಲ್ಲೋ, ಆಮೇಲೆ
ಹೆಸರು ನನ್ನ ನಾಲಿಗೆಗೆ ಹೊರಳದ ಒಂದು ಬಂದರು.
ಮೊಂತಿ ಹಬ್ಬದ ಹಿಂದಿನ ರಾತ್ರಿ ಫೋನು:
"ರೈಟ್ರೇ, ಇಲ್ಲೊಂದು ಮುದುಕಿ ದೋಣಿ ಉಂಟು,
ಇನ್ನೂ ಮೂವತ್ತು ದೋಣಿಗಳ ಒಟ್ಟಿಗೆ ಹೋಗ್ತದೆ,
ಯುದ್ಧ ಆಗ್ತಾ ಉಂಟಲ್ಲಾ, ಆ ದಡಕ್ಕೆ.
ಹಲ್ಲಿನ ಡಾಕ್ಟ್ರಿದ್ದಾರೆ, ಶಾಲೆ ಟೀಚರಿದ್ದಾರೆ,
ಎಪ್ಪತ್ತೆರಡರ ಅಜ್ಜಿ ಒಬ್ಬಳು ಹಗ್ಗ ಕಟ್ತಾಳೆ.
ಇಂಜಿನು ಗೊತ್ತಿದ್ದವ ಮಾತ್ರ ಒಬ್ಬನೂ ಇಲ್ಲ."
ಸಂಬಳ? ಎಂದೆ.
"ಊಟ ಉಂಟು," ಎಂದ. "ಉಪ್ಪು ಕಮ್ಮಿ."

ದೋಣಿಗೆ ಏರಿದ್ದನ್ನು ಒಂದೊಂದಾಗಿ ಹೇಳಿದ.
ಮಳೆಗಾಲದ ಖಾಲಿ ಪುಟದಲ್ಲಿ ಬರೆದುಕೊಂಡೆ:
ಹಿಟ್ಟು, ಅರುವತ್ತು ಚೀಲ.
ಹಾಲಿನ ಪುಡಿ. ನೀರು ತಿಳಿಯಾಗುವ ಮಾತ್ರೆ.
ಊರುಗೋಲು, ಮಕ್ಕಳ ಅಳತೆಯದ್ದು, ನಲವತ್ತು.
ಮಕ್ಕಳ ಅಳತೆ ಎಂದರೆ ಎಷ್ಟು ಎಂದು ಕೇಳಿದೆ.
ಸ್ವಲ್ಪ ಹೊತ್ತು ಬರೇ ಗಾಳಿಯ ಸದ್ದು.
"ನಿಮ್ಮ ಮೇಜಿನ ಎತ್ತರ," ಎಂದ.

ನಮ್ಮ ಕಡಲೂ ಬಾಗಿಲು ಹಾಕುತ್ತದೆ.
ಮೇ ನಡುವಿಂದ ಅಳಿವೆ ಕುದಿಯುತ್ತದೆ,
ಮಂಜಿಗಳು ಮಡಲು ಹೊದ್ದು ಮಲಗುತ್ತವೆ,
ಅಲ್ಲಿ ದ್ವೀಪದಲ್ಲಿ ನೀರುಳ್ಳಿ ಎಣಿಸಿ ಕೊಯ್ಯುತ್ತಾರೆ.
ಆದರೆ ಕಡಲು ಕೇಳುವುದಿಲ್ಲ
ಹಸಿದವ ಯಾವ ಪೈಕಿ ಎಂದು.
ಮತ್ತೆ ಅದಕ್ಕೊಂದು ತಾರೀಕು ಉಂಟು.
ನೂಲ ಹುಣ್ಣಿಮೆಗೆ ಮೊಗವೀರರು ಹಾಲೆರೆದ ಮೇಲೆ
ಮೆಲ್ಲಗೆ ಅಗುಳಿ ತೆಗೆಯುತ್ತದೆ.

ಇಪ್ಪತ್ತೆರಡನೆಯ ದಿನ ಮೈಯದ್ದಿಯ ಫೋನು ಸತ್ತಿತು.
ಅವನ ಉಮ್ಮ ಬೀಪಾತು ದಿನಾ ಕಡವಿನ ದೋಣಿ ದಾಟಿ
ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದಳು,
ಒಂದು ಬಂದರಿಗೆ ಎಲ್ಲ ಬಂದರುಗಳ ಸುದ್ದಿ ತಿಳಿಯುವ ಹಾಗೆ.
ಕೊಡಲು ನನ್ನಲ್ಲಿದ್ದದ್ದು ಅದೊಂದು ಪುಟ.
ಓದಿ ಎಂದಳು. ಓದಿದೆ.
ಊರುಗೋಲಿಗೆ ಬಂದಾಗ ಕೈ ಅಡ್ಡ ಹಿಡಿದಳು.

ಅವನು ಬಂದ, ಮತ್ತೆ ಹದಿನಾಲ್ಕು ದಿನ ಕಳೆದು,
ಯಾರದೋ ಅಳತೆಯ ಬೂದು ಪ್ಯಾಂಟಿನಲ್ಲಿ.
ದಡ ಕಾಣುವ ಮೊದಲೇ ಸುತ್ತುವರಿದರಂತೆ.
ರಾತ್ರಿ, ಕಣ್ಣಿಗೆ ಚುಚ್ಚುವ ಬೆಳಕು,
ಎಲ್ಲರೂ ಕೈ ಮೇಲೆ ಮಾಡಿ ಕೂತರಂತೆ,
ಅಜ್ಜಿ ಮಾತ್ರ ಹಗ್ಗ ಬಿಡಲಿಲ್ಲವಂತೆ.
ದೋಣಿಯನ್ನು ಅವರೇ ನಡೆಸಿಕೊಂಡು ಹೋದರು.
"ಚಂದ ಓಡಿತು ರೈಟ್ರೇ," ಎಂದ, ನೆಲ ನೋಡುತ್ತ.
"ಅವರ ಕೈಯಲ್ಲೂ ಒಂದು ಸಲ ಕೆಮ್ಮಲಿಲ್ಲ."

ಪುಸ್ತಕ ಬಿಡಿಸಿದೆ. ಇಳಿದದ್ದರ ಮನೆ ಖಾಲಿ.
ಸೊನ್ನೆ ಹಾಕಲೆಂದು ಪೆನ್ನು ಊರಿದಾಗ
ಗ್ರೀಸು ಹೋಗದ ಬೆರಳು ನನ್ನ ಮಣಿಕಟ್ಟು ಹಿಡಿಯಿತು.
"ಒಂದು ಬರೀರಿ. ಊರುಗೋಲು, ಒಂದು.
ಇಂಜಿನಿನ ಮುಚ್ಚಳ ನಿಲ್ತಾ ಇರಲಿಲ್ಲ,
ಅಲೆಗೆ ಪಡ್ಡಂತ ಬೀಳುದು.
ಒಂದನ್ನು ಅಡ್ಡ ಕೊಟ್ಟು ನಿಲ್ಲಿಸಿದೆ.
ಅಳತೆ ಸರಿ ಕೂತಿತು."

ಹೊರಗೆ ಮಂಜಿಗೆ ನೀರುಳ್ಳಿ ಹತ್ತುತ್ತಿತ್ತು,
ಹಮಾಲಿಗಳು ಕೂಗುತ್ತಿದ್ದರು, ಎಣಿಕೆ ತಪ್ಪಿತ್ತು.
ಮೇಜಿನ ಅಂಚಿಗೆ ಕಂಕುಳು ಊರಿ ನೋಡಿದೆ.
ಅದಕ್ಕೆ ಮಂಡಿಯೂರಬೇಕಾಯಿತು.

ಮೈಯದ್ದಿ ಏಕೆಂದು ಕೇಳಲಿಲ್ಲ.
ಬೆಂಗ್ರೆಗೆ ಹೊರಟ ಕಡವಿನ ದೋಣಿಗೆ ಕಿವಿ ಕೊಟ್ಟು
"ಡೀಸಿಲಿಗೆ ನೀರು ಸೇರಿದೆ," ಎಂದ,
ಇಂಥವರಿಗೆ ಎಂದಲ್ಲ.