ಅಡಿಯ ಕಾಗದ

ಗಂಟು ಕಟ್ಟಿದ್ದು ಅಡಿಯಲ್ಲಾದರೆ
ತಪ್ಪು ಮೇಲಿನ ನೂಲಿನದು.
ಕೊಗ್ಗ ಮಾಸ್ತರರು ಇದನ್ನು ಹೇಳುವ ತನಕ
ನಾನು ಎರಡು ವರ್ಷ ಬಾಬಿನ್ನನ್ನೇ ಬೈದಿದ್ದೆ.

ಮತ್ರಾದ ಬಂದರಿನ ಹಿಂದಿನ ಓಣಿ.
ಏಸಿಯ ನೀರಿಗಿಟ್ಟ ಡಬ್ಬಿ ತುಂಬುವಷ್ಟರಲ್ಲಿ
ಎರಡು ದಿಶ್ದಾಶ ಮುಗಿಯುತ್ತವೆ.
ಕಾಟನ್ ಪಾಪ, ಹೇಳಿದ ಹಾಗೆ ಕೇಳುತ್ತದೆ.
ಕ್ರೇನಿನವರ ಡಾಂಗ್ರಿಗೆ ಹದಿನಾರರ ಸೂಜಿ;
ಆದರೂ ನಾಲ್ಕು ಪದರ ಕೂಡುವಲ್ಲಿ
ಚಕ್ರವನ್ನು ಕೈಯಲ್ಲೇ ತಿರುಗಿಸು,
ಮೋಟಾರನ್ನು ನಂಬಬೇಡ.
ನರ್ಸಮ್ಮನ ಹಿಗ್ಗುವ ಪ್ಯಾಂಟು
ಹೊಲಿಗೆ ಹಾರಿಸುತ್ತಲೇ ಇತ್ತು,
ಮೊಂಡು ಮೂತಿಯ ಸೂಜಿ ಹಾಕುವ ತನಕ.
ಎಲ್ಲ ಕಡೆಯೂ ಚೂಪು ನಡೆಯುವುದಿಲ್ಲ ಮಾರಾಯ.

ನಿನ್ನೆ ಝುವೈನಾ ತಂದದ್ದು
ತೀರಿಹೋದ ತಾಯಿಯ ಕಪ್ಪು ಶಿಫಾನು,
ತನ್ನ ಮಗಳ ಅಳತೆಗೆ.
ಒಂಬತ್ತರ ಸೂಜಿ ಹಾಕಿದೆ.
ಟೆನ್ಶನ್ ಇಳಿಸು ಅಂದರು, ಇಳಿಸಿದೆ,
ಮಿಶಿನ್ನಿನದು.
ಆದರೂ ಹಲ್ಲುಪಟ್ಟಿ ಅದನ್ನು ತೂತಿಗೆಳೆದು
ಎಲೆಯಡಿಕೆಯ ಹಾಗೆ ಜಗಿಯಿತು.

ಮಾಸ್ತರರು ಮಾತಾಡಲಿಲ್ಲ.
ಕಿಸೆಯಿಂದ ತೆಗೆದರು
ಊರಿಗೆ ಹಣ ಹಾಕಿದ ಚೀಟಿ,
ಬಟ್ಟೆಯ ಅಡಿಗೆ ತಳ್ಳಿದರು.
ನಲವತ್ತೆರಡು ರಿಯಾಲಿನ ಮೇಲೆ
ಸೂಜಿ ಸದ್ದಿಲ್ಲದೆ ನಡೆಯಿತು.

ಹರಿದು ತೆಗೆದರೆ
ಶಿಫಾನು ನಿಂತ ನೀರಿನಷ್ಟು ಸಪಾಟು.
ಮೊತ್ತದ ನಡುವೆ ತೂತಿನ ಸಾಲು.
ಅವರ ಹೆಂಡತಿಯ ಹೆಸರಲ್ಲಿ
ವಾರಿ ಒಂದು ಕೈಯಲ್ಲಿ,
ಜಾ ಇನ್ನೊಂದರಲ್ಲಿ.

ಇಸ್ತ್ರಿಗೆ ಮೊದಲು ಚೂರೆಲ್ಲ ಹೆಕ್ಕು, ಅಂದರು.
ಬಿಸಿ ತಾಗಿದರೆ ಈ ಕಾಗದ ಕಪ್ಪಾಗುತ್ತದೆ.

ಚಿಮಟ ಹಿಡಿದು ಹೆಕ್ಕಿದೆ.
ಒಂದು ಚೂರು ಬರಲೇ ಇಲ್ಲ.
ಬಿಟ್ಟುಬಿಟ್ಟೆ.
ಶಿಫಾನು ಹೇಗೂ ಕಪ್ಪಲ್ಲವೆ.