ಅಂಟು

ಮೊದಲ ಸಲ ಅವನ ಗದ್ದ ಹಿಡಿದಾಗ ನಸುಕಿನ ನಾಲ್ಕು ಗಂಟೆ.
ಮುಂಗ್ಯೊಂಗ್ ಬೆಟ್ಟದ ಸಂದಿಯಲ್ಲಿ ಪ್ಲೈವುಡ್ಡಿನ ಕೋಟೆ,
ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗೆ ಚಳಿ,
ಲಾಟೀನು ಹಿಡಿದು ಸಾಲು ನಿಂತ ನಲವತ್ತು ಸಿಪಾಯಿಗಳು.
ತಲೆಗೆ ನಾಲ್ಕೆಳೆ ಮೀಸೆ, ಚಿಟಿಕೆ ಗಡ್ಡ, ಅಷ್ಟೇ ಲೆಕ್ಕ.
ಇಪ್ಪತ್ತೇಳನೆಯವನು ಇವನು, ಬ್ಯೊನ್ ಇನ್‌ಸಿಕ್.
ಹೆಸರು ಕೇಳಲಿಲ್ಲ ನಾನು. ಗದ್ದದಡಿಯ ಗಾಯ ಕಂಡು
ಇದೇನು ಎಂದೆ.
ಬೊಂಡಾಸ ಹಿಡಿಯುವ ಗಾಳ, ಅಪ್ಪನ ದೋಣಿ,
ಆರು ವರ್ಷ ಆಗ ನನಗೆ, ಎನ್ನತೊಡಗಿದ.
ಮಾತು ಸಾಕು, ಅಂಟು ಒಣಗಲಿ, ಎಂದು ಬಾಯಿ ಮುಚ್ಚಿಸಿದೆ.

ಅವತ್ತಿನ ಕೆಲಸ: ಬೆನ್ನಿಗೆ ಬಾಣ ತಗುಲಿ ಬೀಳುವುದು,
ಬಿದ್ದಲ್ಲೇ ಹೆಣವಾಗಿರುವುದು.
ಹೆಣದ ಬಾಯಿಂದ ಹಬೆ ಬರಬಾರದಲ್ಲ,
ಐಸ್ ತುಂಡು ನಾಲಿಗೆ ಕೆಳಗಿಟ್ಟು ಮಲಗಿದ.
ಮೂರು ಸಲ ಬೀಳಿಸಿದರು.
ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ;
ಮಣ್ಣೇನೋ ಆಯಿತು, ಕಿತ್ತು ಬರಲಿಲ್ಲ.
ಅದು ನನ್ನ ಕೈಗುಣ.

ಪ್ರಸಾರವಾದ ರಾತ್ರಿ ಸಮ್‌ಚೊಕ್‌ನಿಂದ ಅವ್ವನ ಫೋನು:
ಯಾವುದಪ್ಪಾ ನೀನು?
ಎಡದಿಂದ ನಾಲ್ಕನೇ ಹೆಣ, ಅವ್ವಾ.
ಟಿವಿ ಆಗಲೇ ಆರಿಸಿಯಾಗಿತ್ತಂತೆ.

ಆಮೇಲೆ ವರ್ಷಗಳು ಅವನ ಮುಖದ ಮೇಲೇ ಬೆಳೆದವು.
ಓಲೆಕಾರನಿಗೆ ಅರ್ಧ ಬೆರಳುದ್ದ.
ವೈದ್ಯನಿಗೆ ಇಳಿಬಿದ್ದ ಮೀಸೆ.
ಮಂತ್ರಿಯಾದಾಗ ಎದೆಯ ತನಕ; ಆದರೇನು,
ಮೂವತ್ತು ಮಂತ್ರಿಗಳ ನಡುವೆ ನೆಲಕ್ಕೆ ಹಣೆ ಹಚ್ಚಿ
ಮಹಾಪ್ರಭೂ ಎಂದು ಕೂಗುವುದು.
ಮುಖ ಕಾಣದು. ಗಡ್ಡ ಮಾತ್ರ ಇರಲೇಬೇಕು.
ಬೆಳಿಗ್ಗೆ ನಾಲ್ಕಕ್ಕೆ ಕುರ್ಚಿ, ರಾತ್ರಿ ಹನ್ನೊಂದಕ್ಕೆ ಸ್ಪಿರಿಟ್ಟು,
ಕೀಳುವಾಗ ಚರ್ಮವೂ ಜೊತೆಗೆ. ನನ್ನ ಬೆರಳಿನದೂ.
ಒಮ್ಮೆ ನಿಜವಾಗಿ ಪಂಜಿನ ಕಿಡಿ ಹಾರಿ ಹೊತ್ತಿಕೊಂಡಿತು;
ಗಡ್ಡಕ್ಕೆ ಬೆಂಕಿ ಬಿದ್ದಾಗ ಬಾವಿ ತೋಡುವ ಜನ ನಮ್ಮವರು,
ನೀರು ತರಲು ಅನುಮತಿ ಕೇಳುತ್ತಿದ್ದರು.
ಸೆರಗಿಲ್ಲ ನನಗೆ. ಬರಿಗೈಯಲ್ಲೇ ಒತ್ತಿದೆ.

ನಲವತ್ತಮೂರಕ್ಕೆ ರಾಜನಾದ.
ಎರಡೇ ಕಂತು. ಮೂರನೆಯದಕ್ಕೆ ವಿಷ.
ಆದರೂ ಗಿಂಬಾಪ್ ಅಂಗಡಿಯವಳು ದುಡ್ಡು ಬೇಡವೆಂದಳಂತೆ,
ಅದನ್ನು ನನಗೆ ಹೇಳಲೆಂದೇ ಅಷ್ಟು ದೂರ ಬಂದಿದ್ದ.

ಮುಂದಿನದು ಗಾಜಿನ ಕಟ್ಟಡ, ಕೋಟು, ಕಂಪನಿಯ ಯಜಮಾನ,
ಮೇಜಿನ ಮೇಲೆ ಹಣದ ಲಕೋಟೆ ಎಸೆಯುವ ಪಾತ್ರ.
ನುಣ್ಣಗೆ ಬೋಳಿಸಿದ ಗದ್ದ.
ಮನೆಯಲ್ಲಿ ಕಾಲಿಗೆ ಬಿಸಿನೀರು ಇಟ್ಟುಕೊಂಡು ನೋಡುತ್ತಿದ್ದೆ.
ಕ್ಯಾಮೆರಾ ಹತ್ತಿರ, ಇನ್ನೂ ಹತ್ತಿರ ಹೋಯಿತು,
ಇಪ್ಪತ್ತು ವರ್ಷ ನಾನೊಬ್ಬಳೇ ಬಲ್ಲ ಆ ಗಾಳದ ಗೆರೆ
ದೇಶಕ್ಕೆಲ್ಲ ಕಂಡಿತು.
ಎಷ್ಟು ಚೆಂದದ ಗಾಯ ಎಂದಳು ಪಕ್ಕದ ಮನೆ ಹುಡುಗಿ.
ಟಿವಿ ಆರಿಸಿದೆ. ಯಾಕೆಂದು ಕೇಳಬೇಡಿ.

ಆಮೇಲೆ ಸಿನಿಮಾ. ಕೆಂಪು ಹಾಸು. ಪ್ರಶಸ್ತಿ.
ಮೈಕಿನ ಮುಂದೆ ನಿರ್ದೇಶಕರ ಹೆಸರು, ಅವ್ವನ ಹೆಸರು;
ನನ್ನದಿಲ್ಲ, ಇರಬೇಕೆಂದೂ ಇಲ್ಲ.
ಮಾತು ತಡೆದಾಗ ಮಾತ್ರ ಎರಡು ಬೆರಳು ಎತ್ತಿ
ಗದ್ದದ ಅಂಚನ್ನು ಮೆಲ್ಲಗೆ ಒತ್ತಿಕೊಂಡ,
ಬಿಟ್ಟಿದೆಯೋ ಏನೋ ಎಂಬಂತೆ.
ಸಭೆಗೆ ಅದು ದುಃಖ ಎನ್ನಿಸಿತು. ಚಪ್ಪಾಳೆ ತಟ್ಟಿದರು.

ಹೋದ ಚಳಿಗಾಲ ಮತ್ತೆ ಅದೇ ಕೋಟೆ. ಮುದಿ ರಾಜ.
ಎಂಟು ತಿಂಗಳು ತಾನೇ ಬೆಳೆಸಿಕೊಂಡು ಬಂದಿದ್ದ,
ಬೆಳ್ಳಗೆ, ಸ್ವಂತದ್ದು.
ನನಗಿಲ್ಲಿ ಏನೂ ಕೆಲಸವಿಲ್ಲ ಎಂದೆ.
ಬಂದು ಕುರ್ಚಿಯಲ್ಲಿ ಕುಳಿತ, ಗದ್ದ ಎತ್ತಿದ,
ಕಣ್ಣು ಮುಚ್ಚಿಕೊಂಡೇ ಹೇಳಿದ:
ಒಂದು ಸಲ ಎಳೆದು ನೋಡು.
ಎಳೆದೆ.
ಅಯ್ಯೋ, ಎಂದ.